ತೌಡಿಗೆ ಕೊಂಡ ಉಸಿರು

ನಮ್ಮ ಮನೆಯಲ್ಲಿ ಎದೆಯ ಎಕ್ಸ್‌ರೇ ಎಂದರೆ ಅಪ್ಪನ ಸ್ವತ್ತು. ವರ್ಷಕ್ಕೊಮ್ಮೆ, ಸಂಕ್ರಾಂತಿ ಮುಗಿದ ಮೇಲೆ, ಮಡಿಸಿಟ್ಟ ಬಿಳಿ ಪಂಚೆ ಉಟ್ಟುಕೊಂಡು ಬಂಗಾರಪೇಟೆಗೆ ಹೋಗಿ ಎದೆ ತೋರಿಸಿಕೊಂಡು ಬರುತ್ತಿದ್ದ. ಜೊತೆಗೆ ಅಮ್ಮ. ಅವಳ ಒಂದು ಕೈಯಲ್ಲಿ ನೀರಿನ ಬಾಟಲಿ, ಚಿತ್ರಾನ್ನದ ಡಬ್ಬಿ ಇರುವ ಬುಟ್ಟಿ. ಕಂಕುಳಲ್ಲಿ ಹಳೆಯ ಫಿಲ್ಮುಗಳನ್ನೆಲ್ಲ ವರ್ಷದ ಪ್ರಕಾರ ಜೋಡಿಸಿದ ದೊಡ್ಡ ಕವರು. ಆ ಕವರನ್ನು ಅವಳು ಬೀರುವಿನಲ್ಲಿ ತನ್ನ ಮದುವೆ ಸೀರೆಯ ಕೆಳಗೆ ಇಡುತ್ತಿದ್ದಳು. ಅವಳ ಎದೆಯ ಫಿಲ್ಮು ಅದರಲ್ಲಿ ಒಂದೂ ಇರಲಿಲ್ಲ. ಇರಬೇಕು ಅಂತ ನಮಗೆ ಯಾರಿಗೂ ಹೊಳೆಯಲೂ ಇಲ್ಲ.

ಹೊಳೆಯದೇ ಇದ್ದದ್ದಕ್ಕೆ ಕಾರಣ ಇತ್ತು. ನಾನು ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಲೈನ್ ಮನೆಗಳಲ್ಲಿ. ತಗಡಿನ ಸೂರು, ಎರಡು ಮನೆಗೆ ಒಂದೇ ಗೋಡೆ. ಯಾರು ಕೆಮ್ಮಿದರೂ ಮೂರನೆಯ ಮನೆಯವರು ಇಂಥವರದೇ ಎಂದು ಗುರುತು ಹಿಡಿಯುತ್ತಿದ್ದರು. ಗಣಿಯೊಳಗೆ ಕೆಲಸಕ್ಕೆ ಹೋಗುವುದಕ್ಕೆ ನಮ್ಮಲ್ಲಿ ‘ಕೆಳಗಿಳಿಯೋದು’ ಅಂತಿದ್ದರು. ಕೆಳಗಿಳಿದವನ ಎದೆಯಲ್ಲಿ ಕಲ್ಲಿನ ದೂಳು ಕೂತಿರುತ್ತದೆ, ಇವತ್ತಲ್ಲ ನಾಳೆ ಅದು ಏಳುತ್ತದೆ. ಹೆಂಗಸರು ನಲ್ಲಿಯ ಹತ್ತಿರ ಸಿಕ್ಕರೆ ಊಟ ಆಯಿತಾ ಎಂದು ಕೇಳುವ ಮುಂಚೆ, ನಿಮ್ಮವರ ಎದೆ ಹೇಗಿದೆ ಎಂದು ಕೇಳುತ್ತಿದ್ದರು. ಹೆಂಗಸರ ಎದೆಯ ಬಗ್ಗೆ ಯಾರೂ ಕೇಳುತ್ತಿರಲಿಲ್ಲ, ಅವರು ಕೆಳಗಿಳಿದವರಲ್ಲವಲ್ಲ. ಗಣಿ ಮುಚ್ಚಿದ ಮೇಲೆ ನಾವು ಬೇತಮಂಗಲದ ರಸ್ತೆಯಲ್ಲಿರುವ ನಮ್ಮ ಹಳ್ಳಿಗೆ ವಾಪಸು ಬಂದು ಎರಡು ಹಸು ಕಟ್ಟಿಕೊಂಡೆವು. ಲೈನ್ ಮನೆ ಬಿಟ್ಟರೂ ಆ ಲೆಕ್ಕಾಚಾರವನ್ನು ಮಾತ್ರ ಬಿಡಲಿಲ್ಲ.

ಇದನ್ನೆಲ್ಲ ಹೇಳುತ್ತಿರುವವಳು ಏನು ಕೆಲಸ ಮಾಡುತ್ತಾಳೆ ಅಂತಲೂ ಕೇಳಿ. ನಾನು ಬೆಂಗಳೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನೀಷಿಯನ್. ರೋಗಿಗಳಿಂದ ತೆಗೆದ ಮಾಂಸದ ಚೂರುಗಳನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಕುಯ್ದು, ಗಾಜಿಗೆ ಅಂಟಿಸಿ, ಬಣ್ಣ ಹಾಕಿ ಡಾಕ್ಟರ ಮುಂದಿಡುವುದು ನನ್ನ ಕೆಲಸ. ಬಂಗಾರಪೇಟೆಯಿಂದ ದಿನವೂ ಬೆಳಗಿನ ರೈಲು, ಸಂಜೆ ಮಾರಿಕುಪ್ಪಂ ರೈಲಿನಲ್ಲಿ ವಾಪಸು. ಹೀಗೆ ಹನ್ನೆರಡು ವರ್ಷದಿಂದ ಊರವರ ಶ್ವಾಸಕೋಶ ಕುಯ್ಯುತ್ತಿರುವ ನಾನು, ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಅಮ್ಮ ಕೆಮ್ಮಿದ್ದನ್ನು ಕೇಳಿಯೂ, “ಹುಲ್ಲಿನ ದೂಳು, ಬಾಯಿಗೆ ಬಟ್ಟೆ ಕಟ್ಕೊ” ಎಂದು ಗದರಿ ರೈಲಿಗೆ ಓಡಿದೆ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಅದು ನಾನೇ. ಇದಕ್ಕೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಆ ಸಲ ಅಪ್ಪನ ಎಕ್ಸ್‌ರೇ ಮುಗಿದಾಗ ಅಮ್ಮ ಹೊರಗಿನ ಬೆಂಚಿನಲ್ಲಿ ಕೂತು ಕೆಮ್ಮುತ್ತಿದ್ದಳಂತೆ. ಎಕ್ಸ್‌ರೇ ತೆಗೆಯುವವನು ಬಾಗಿಲಿಗೆ ಬಂದು, “ಅಮ್ಮಾ, ಎಷ್ಟು ದಿನದಿಂದ ಈ ಕೆಮ್ಮು? ನೀವೂ ಒಸಿ ಬಂದು ನಿಂತ್ಕೊಳಿ” ಎಂದ.

“ಅಯ್ಯೋ, ನಾನೇನು ಕೆಳಗಿಳಿದೋಳಾ?” ಎಂದು ಅಮ್ಮ ನಕ್ಕಳಂತೆ. ಆದರೂ ಅವನ ಮಾತು ತೆಗೆದುಹಾಕಲಾರದೆ ಹೋಗಿ ನಿಂತಳು.

ಎರಡು ಕವರು ಮನೆಗೆ ಬಂದವು. ಅಪ್ಪನ ಹೆಸರಿನ ಫಿಲ್ಮಿನಲ್ಲಿ ಎಂದಿನ ಸಣ್ಣಪುಟ್ಟ ಗುರುತು ಬಿಟ್ಟರೆ ಏನೂ ಇರಲಿಲ್ಲ. ಅಮ್ಮನ ಹೆಸರಿನದರಲ್ಲಿ ಬಲಗಡೆ ಮೇಲೆ ನಿಂಬೆಹಣ್ಣಿನಷ್ಟು ಬಿಳಿ ಕಲೆ. ಅಪ್ಪ ಎರಡನ್ನೂ ಕಿಟಕಿಗೆ ಹಿಡಿದು ನೋಡಿ, “ಇದು ನಂದು. ಎಸ್ರು ಅದಲುಬದಲು ಮಾಡವ್ನೆ” ಎಂದ. ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಲ್ಯಾಬಿನಲ್ಲಿ ನಾವು ದಿನವೂ ಹೆದರುವುದು ಅದಕ್ಕೇ, ಒಬ್ಬರ ಲೇಬಲ್ ಇನ್ನೊಬ್ಬರಿಗೆ ಹೋಗುವುದಕ್ಕೆ. ನನಗೆ ರೇಗಿಹೋಯಿತು. ಮಾರನೆಯ ದಿನ ರಜೆ ಹಾಕಿ ಇಬ್ಬರನ್ನೂ ಕರೆದುಕೊಂಡು ಜಗಳಕ್ಕೇ ಹೋದೆ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ, ಅಂಥ ಜಗಳ ಅದು. ನಾನು ಕೂಗಾಡಿದೆ. ಅಪ್ಪ ಸಮಾಧಾನವಾಗಿಯೇ, “ನಂದು ನಂಗೆ ಕೊಡಪ್ಪ. ಇಪ್ಪತ್ತೊರ್ಸ ಕೆಳಗಿದ್ದೋನು ನಾನು. ಅವ್ಳು ಮನೇಲಿದ್ದೋಳು” ಎಂದ. ಎಕ್ಸ್‌ರೇಯವನು ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಕತ್ತಿನ ಕೆಳಗೆ ಒಂದು ಕಡೆ ಬೆರಳಿಟ್ಟ. ಅಲ್ಲಿ ಸಣ್ಣದಾಗಿ, ಬೆಳ್ಳಗೆ, ಒಂದು ಸೇಫ್ಟಿ ಪಿನ್ನು.

“ಅಮ್ಮಾ, ರವಿಕೇಲಿ ಪಿನ್ನು ಐತಾ?” ಎಂದು ಮೆಲ್ಲಗೆ ಕೇಳಿದ. “ತಾಳಿ ತೆಗೆದು ಸೆರಗಲ್ಲಿ ಕಟ್ಕೊಂಡ್ರಿ. ಪಿನ್ನು ಮರೆತ್ರಿ. ನಾನೂ ನೋಡ್ಲಿಲ್ಲ.”

ಅಮ್ಮನ ಕೈ ತಾನಾಗಿಯೇ ಎದೆಗೆ ಹೋಯಿತು. ಕಾಲಿಗೆ ಮುಳ್ಳು ಚುಚ್ಚಿದರೆ, ಸೆರಗು ಹರಿದರೆ ಬೇಕಾಗುತ್ತದೆ ಎಂದು ಅವಳು ನನಗೆ ಬುದ್ಧಿ ಬಂದಾಗಿನಿಂದ ರವಿಕೆಗೆ ಸಿಕ್ಕಿಸಿಕೊಂಡೇ ಇರುತ್ತಿದ್ದ ಪಿನ್ನು. ನಾವು ಮೂವರೂ ಅದನ್ನೇ ನೋಡುತ್ತ ನಿಂತೆವು. ಅಪ್ಪ ಅಂಗಿಯ ಗುಂಡಿ ಬಿಚ್ಚತೊಡಗಿದ. “ಆ ಪಿನ್ನು ಇಲ್ಲಿ ಕೊಡು. ನಾನು ಇಕ್ಕಂಡು ನಿಲ್ತೀನಿ. ಇನ್ನೊಂದ್ ಕಿತ ತೆಗೀಲಿ” ಎಂದ. ಅಮ್ಮ ಅವನ ಗುಂಡಿಗಳನ್ನು ಒಂದೊಂದಾಗಿ ಮತ್ತೆ ಹಾಕಿದಳು. ನಾನು ಹೊರಗೆ ಬಂದು ಗೋಡೆಯ ಕಡೆ ತಿರುಗಿ ಅತ್ತೆ.

ಅಲ್ಲಿಂದ ಬೆಂಗಳೂರು, ಸ್ಕ್ಯಾನು, ಎದೆಗೆ ಸೂಜಿ. ಸೂಜಿಯಲ್ಲಿ ಬಂದದ್ದು ಮುರಿದ ಶಾವಿಗೆಯಂಥ ಮೂರು ಎಳೆ. ಆ ಡಬ್ಬಿ ನಮ್ಮ ಲ್ಯಾಬಿಗೇ ಬಂತು. ನನ್ನ ಜೊತೆ ಕೆಲಸ ಮಾಡುವವಳು, “ನೀನು ಮುಟ್ಟಬೇಡ, ನಾನು ಕುಯ್ತೀನಿ” ಎಂದಳು. ಇಲ್ಲ, ನಾನೇ ಕುಯ್ಯುತ್ತೇನೆ ಎಂದೆ. ಇದು ಜಂಬವಲ್ಲ. ಇಂಥ ಸಣ್ಣ ಚೂರು ಬಂದಾಗ ಅದನ್ನು ಹಾಳು ಮಾಡದೆ ಕುಯ್ಯುವ ಕೈ ಆ ಲ್ಯಾಬಿನಲ್ಲಿ ನನ್ನದು. ಮೊದಲು ಯಾವ ಕ್ಯಾನ್ಸರ್ ಎಂದು ಬಣ್ಣ ಹಾಕಿ ನೋಡಬೇಕು. ಉಳಿದದ್ದನ್ನು ಜೀನ್ ಪರೀಕ್ಷೆಗೆ ಕಳಿಸಬೇಕು. ಆ ಪರೀಕ್ಷೆಯಲ್ಲಿ ಒಂದು ಬದಲಾವಣೆ ಸಿಕ್ಕರೆ ದಿನಕ್ಕೊಂದು ಮಾತ್ರೆ ಸಾಕು, ಮನೆಯಲ್ಲೇ ಇರಬಹುದು. ಸಿಗದಿದ್ದರೆ ದಾರಿ ಕಷ್ಟದ್ದು. ಚೂರು ಕಡಿಮೆ ಬಿದ್ದರೆ ಪರೀಕ್ಷೆಯೇ ಇಲ್ಲ, ಮತ್ತೆ ಸೂಜಿ. ಅಮ್ಮನ ಮುಂದಿನ ದಿನಗಳೆಲ್ಲ ಆ ಮೂರು ಎಳೆಯಲ್ಲಿ ಎಷ್ಟು ಉಳಿಸುತ್ತೇನೆ ಎನ್ನುವುದರ ಮೇಲಿದ್ದವು.

“ಕೈ ನಡುಗಿದರೆ?” ಎಂದು ಕೇಳಿದರು ನಮ್ಮ ಪೆಥಾಲಜಿ ಡಾಕ್ಟರು. ಅವರನ್ನು ನಾವು ಮೇಡಂ ಎನ್ನುತ್ತೇವೆ.

“ನಡುಗಲ್ಲ ಮೇಡಂ.”

ನಡುಗಲಿಲ್ಲ. ಮೇಣದ ಅಚ್ಚಿನಿಂದ ಪಟ್ಟಿ ಎದ್ದು ಬರುವುದನ್ನು ಉಸಿರು ಬಿಗಿಹಿಡಿದು ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟೆ. ಸುಕ್ಕು ತಾನಾಗಿ ಬಿಚ್ಚಿಕೊಂಡಿತು. ಗಾಜನ್ನು ಕೆಳಗಿನಿಂದ ತಂದು ಎತ್ತಿಕೊಂಡೆ. ಎಷ್ಟು ಬೇಕೋ ಅಷ್ಟೇ ಕುಯ್ದು ಅಚ್ಚನ್ನು ಪಕ್ಕಕ್ಕಿಟ್ಟೆ. ಆಮೇಲೆ ಬಣ್ಣ ಹಿಡಿಯಲೆಂದು ಗಾಜುಗಳನ್ನು ಕುಕ್ಕರಿನಲ್ಲಿ ಬೇಯಿಸಬೇಕು. ಹೌದು, ಮನೆಯ ಪ್ರೆಶರ್ ಕುಕ್ಕರೇ. ಅದರ ವಿಷಲ್ ಕೇಳಿದಾಗ ಅಮ್ಮ ಇದನ್ನು ನೋಡಿದರೆ ಬೇಳೆ ಎಷ್ಟು ಹಾಕಿದ್ದೀಯ ಎನ್ನುತ್ತಾಳೆ ಅಂದುಕೊಂಡೆ. ಅಷ್ಟು ಹೊತ್ತು ಗಟ್ಟಿಯಾಗಿದ್ದವಳು ಆ ಕುಕ್ಕರಿನ ಮುಂದೆ ಕೂತುಬಿಟ್ಟೆ.

ಸೂಕ್ಷ್ಮದರ್ಶಕದಲ್ಲಿ ಅಮ್ಮನ ಜೀವಕೋಶಗಳ ನಡುಬೊಟ್ಟುಗಳೆಲ್ಲ, ಅಂದರೆ ನ್ಯೂಕ್ಲಿಯಸ್ಸುಗಳೆಲ್ಲ, ಕಂದು ಬಣ್ಣಕ್ಕೆ ತಿರುಗಿದ್ದವು. ಒಂದೊಂದೂ ರಾಗಿ ಕಾಳಿನ ಬಣ್ಣ. ಟಿಟಿಎಫ್-1 ಪಾಸಿಟಿವ್ ಎಂದು ಬರೆದರು ಮೇಡಂ. ಇದು ಶ್ವಾಸಕೋಶದಲ್ಲೇ ಹುಟ್ಟಿದ ಕ್ಯಾನ್ಸರ್ ಎನ್ನುವುದಕ್ಕೆ ಗುರುತು. ಈ ಬಣ್ಣವನ್ನು ನಾನು ಎಷ್ಟೋ ಜನರಿಗೆ ಹಾಕಿದ್ದೆ, ಅದು ನಿಜವಾಗಿ ಏನು ಎಂದು ಸರಿಯಾಗಿ ಕೇಳಿರಲಿಲ್ಲ. ಅವತ್ತು ಕೇಳಿದೆ. ಮೇಡಂ ಊಟದ ಹೊತ್ತು ಬಿಟ್ಟು ಕೂತು ಹೇಳಿದರು, ಟಿಟಿಎಫ್-1 ಒಂದು ಜೀನಿನ ಗುರುತು, ಆ ಜೀನು ಕೆಲಸ ಮಾಡುತ್ತಿರುವ ಕಡೆ ಮಾತ್ರ ಕಂದು ಏಳುತ್ತದೆ ಎಂದು.

ಮನೆಯಲ್ಲಿ ಅದನ್ನು ಅಮ್ಮನಿಗೆ ಹೇಳಲು ಹಾಲು ಕರೆಯುವ ಹೊತ್ತನ್ನೇ ಆರಿಸಿಕೊಂಡೆ. ಆಗ ಅವಳು ಎದ್ದು ಹೋಗುವಂತಿಲ್ಲ, ನನ್ನ ಮುಖವನ್ನೂ ನೋಡುವಂತಿಲ್ಲ.

“ಕ್ಯಾನ್ಸರ್ ಕಣಮ್ಮ. ಉಸಿರಿನ ಚೀಲದ್ದು.”

ಪಾತ್ರೆಗೆ ಹಾಲು ಬೀಳುವ ಸದ್ದು ನಿಂತಿತು. ಮತ್ತೆ ಶುರುವಾಯಿತು. “ಕೆಳಗಿಳಿದೋಳಲ್ಲ, ಬೀಡಿ ಮುಟ್ಟಿದೋಳಲ್ಲ. ನನ್ನನ್ಯಾಕ್ ಉಡುಕ್ಕೊಂಡ್ ಬಂತು?”

“ಯಾಕೆ ಅಂತ ನಂಗೊತ್ತಿಲ್ಲ. ಎಂಗೆ ಅಂತ ಒಸಿ ಗೊತ್ತು. ಕೂಸು ಹೊಟ್ಟೇಲಿರುವಾಗ ಅದರ ಉಸಿರಿನ ಚೀಲ ಕಟ್ಸೋಕೆ ಒಂದು ಜೀನು ಐತೆ. ಮೇಸ್ತ್ರಿ ಇದ್ದಂಗೆ ಅನ್ಕೊ. ತಾನು ಇಟ್ಟಿಗೆ ಹೊರಲ್ಲ. ಬೇರೆ ಜೀನುಗಳಿಗೆ ನೀನು ಇದು ಮಾಡು, ನೀನು ಸುಮ್ನಿರು ಅಂತಾನೆ. ಮನೆ ಎದ್ದ ಮೇಲೂ ರಿಪೇರಿ ನೋಡ್ಕೊಂಡು ಅಲ್ಲೇ ಇರ್ತಾನೆ. ಈಗ ನಿನ್ನ ಎದೇಲಿ ಗೆಡ್ಡೆ ಎದ್ದೈತಲ್ಲ, ಅದರೊಳಗೂ ಅವನೇ ಅವ್ನೆ. ಅದಕ್ಕೂ ಕೆಲ್ಸ ಮಾಡಿಕೊಡ್ತಾ ಅವ್ನೆ. ಒಂದೊಂದು ಸಲ ಅದನ್ನ ಅತೋಟಿಯಲ್ಲೂ ಇಡ್ತಾನಂತೆ.”

“ಅಂಗಾರೆ ನಮ್ ಕಡೆಯೋನಾ, ಅದ್ರ ಕಡೆಯೋನಾ?”

“ಎರಡೂ ಕಡೆ. ದೊಡ್ಡ ಡಾಕ್ಟ್ರುಗಳಿಗೂ ಪೂರ್ತಿ ಗೊತ್ತಿಲ್ಲ.”

“ಓ, ನಿಮ್ ಸೋದರತ್ತೆ ಇದ್ದಂಗೆ” ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕು, ಕೆಮ್ಮಿ, ಹಸುವಿನ ಹೊಟ್ಟೆಗೆ ತಲೆ ಒರಗಿಸಿಕೊಂಡಳು. ಆಮೇಲೆ, “ಪಾಪ, ಅವನೇನ್ ಮಾಡ್ತಾನೆ. ಇನ್ನಾ ಒಳಗೊಂದು ಕೂಸು ಐತೆ, ಕಟ್ಟಬೇಕು ಅನ್ಕೊಂಡವ್ನೆ” ಎಂದಳು.

ಮೇಡಂ ಎರಡು ಗಂಟೆ ವಿವರಿಸಿದ್ದನ್ನು ಅಮ್ಮ ಒಂದು ಮಾತಿನಲ್ಲಿ ಹೇಳಿಬಿಟ್ಟಳು. ತನ್ನನ್ನು ಕೊಲ್ಲುತ್ತಿರುವುದಕ್ಕೆ ‘ಪಾಪ’ ಅನ್ನುವ ಹೆಂಗಸನ್ನು ನಾನು ಬೇರೆ ಕಂಡಿಲ್ಲ.

“ನಿನ್ ಎದೆ ಕಟ್ಟಿದ್ದೂ ಅವ್ನೇನಾ?”

“ಊಂ. ನಂದ್ರಲ್ಲಿ ಅವನು ಕೆಲ್ಸ ಮುಗಿಸೋಕ್ ಮುಂಚೆ ನಾನು ಹೊರಗೆ ಬಂದ್ಬಿಟ್ಟೆ.”

“ಅದನ್ನ ನಂಗೇಳ್ಬೇಡ, ನಂಗೊತ್ತಿಲ್ವಾ” ಎಂದಳು. ಪಾತ್ರೆ ಎತ್ತಿಕೊಂಡು ಏಳುವಾಗ ನನ್ನ ಕೈ ಹಿಡಿದಳು. “ಒಂದೇ ಮಾತು. ನಂಗೆ ಮಾತ್ರ ಸುಳ್ಳೇಳ್ಬೇಡ. ಅಪ್ಪಂಗೆ ಬೇಕಾರೆ ಏಳು.” ನಾನು ಆಗಲಿ ಎಂದೆ.

ಅವಳಿಗೆ ಗೊತ್ತಿದ್ದ ಕಥೆ ಇದು. ನನಗಿಂತ ಮುಂಚೆ ಹುಟ್ಟಿದ ಎರಡು ಕೂಸು ಉಳಿಯಲಿಲ್ಲ. ನಾನು ಏಳನೆಯ ತಿಂಗಳಿಗೇ ಹುಟ್ಟಿದೆ. ಉಸಿರಿನ ಚೀಲದೊಳಗಿನ ಸಣ್ಣ ಗುಳ್ಳೆಗಳು ಅಂಟಿಕೊಳ್ಳದಂತೆ ನೊರೆಯಂಥ ಒಂದು ಪದರ ಇರುತ್ತದೆ. ಅದನ್ನು ಮಾಡಿಸುವುದೂ ಅದೇ ಮೇಸ್ತ್ರಿ. ನನ್ನಲ್ಲಿ ಅದು ಇನ್ನೂ ಸಾಲದಾಗಿತ್ತು. ಆಸ್ಪತ್ರೆಯಲ್ಲಿ ಮಾಡುವಷ್ಟು ಮಾಡಿ ಮನೆಗೆ ಕಳಿಸಿದರು. ಅಮ್ಮ ನನ್ನನ್ನು ರವಿಕೆಯೊಳಗೆ ಇಟ್ಟುಕೊಂಡು, ಉಸಿರಾಡುತ್ತೇನೋ ಇಲ್ಲವೋ ಎಂದು ಕಿವಿಗೊಟ್ಟುಕೊಂಡು ವಾರಗಟ್ಟಲೆ ಗೋಡೆಗೆ ಒರಗಿ ಕೂತಿದ್ದಳಂತೆ. ಆಗ ಪಕ್ಕದ ಮನೆಯ ತಮಿಳು ಹೆಂಗಸು, ನಾನು ಪೆರಿಯಮ್ಮ, ಅಂದರೆ ದೊಡ್ಡಮ್ಮ, ಎಂದು ಕರೆಯುವವಳು, ಒಂದು ಮೊರ ಹಿಡಿದುಕೊಂಡು ಬಂದಳು.

ನಮ್ಮ ಕಡೆ ಮಕ್ಕಳು ಉಳಿಯದ ಮನೆಯಲ್ಲಿ ಹೀಗೊಂದು ಪದ್ಧತಿ ಇದೆ. ತಾಯಿ ಕೂಸನ್ನು ಮೊರದಲ್ಲಿಟ್ಟು ತಿಪ್ಪೆಯ ಪಕ್ಕ ಬಿಟ್ಟು ಬರುತ್ತಾಳೆ, ನನಗೆ ಬೇಡ ಎಂದು. ಪಕ್ಕದವಳು ಬಂದು, ಅಯ್ಯೋ ಯಾರದೋ ಕೂಸು ಎಂದು ಎತ್ತಿಕೊಳ್ಳುತ್ತಾಳೆ. ತಾಯಿ ಅವಳಿಂದ ಅದನ್ನು ಒಂದು ಸೇರು ತೌಡು ಕೊಟ್ಟು ಕೊಂಡುಕೊಳ್ಳುತ್ತಾಳೆ. ತೌಡಿನ ಬೆಲೆಯ ಕೂಸನ್ನು ಸಾವು ತಿರುಗಿಯೂ ನೋಡುವುದಿಲ್ಲ ಎಂದು ನಂಬಿಕೆ. ಕೊಂಡ ಮೇಲೆ ಹೆತ್ತವಳು ಎಂದು ಕೊಚ್ಚಿಕೊಳ್ಳಬಾರದು, ಮುದ್ದಿಗೂ ಅಮ್ಮಾ, ಬಂಗಾರ ಎಂದೆಲ್ಲ ಕರೆಯಬಾರದು. ಹೀಗಾಗಿ ನನ್ನ ಅಮ್ಮ ನನ್ನನ್ನು ಹುಟ್ಟಿದಾಗಿನಿಂದ ‘ಲೇ’ ಎಂದೇ ಕರೆದಳು. ಊರವರು ತೌಡಿಗೆ ಬಂದವಳು ಎಂದು ರೇಗಿಸುತ್ತಿದ್ದರು. ಅಕ್ಕಪಕ್ಕದ ತಾಯಂದಿರೆಲ್ಲ ಮಕ್ಕಳನ್ನು ಬಾರಮ್ಮಾ, ತಿನ್ನಮ್ಮಾ ಎನ್ನುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು.

ಅಮ್ಮನ ಕಾಯಿಲೆ ಕೇಳಿ ಪೆರಿಯಮ್ಮ ಬಂದಳು. ಈಗಲೂ ಅವಳು ಲೈನ್ ಮನೆಯಲ್ಲೇ ಇದ್ದಾಳೆ. ಅಮ್ಮನ ಕೆನ್ನೆ ಸವರಿ, ಕಾಫಿ ಕುಡಿದು, ನನ್ನನ್ನು ಪಕ್ಕಕ್ಕೆ ಕರೆದು, “ಅಂದು ನಿನ್ನ ಮಾಡಿದ್ ತರಾ ಇವಳ್ಗೂ ಮಾಡ್ಬಿಡೋಣ ಕಣ್ಣು. ಒರು ಮೊರ, ಒರು ಸೇರು ತೌಡು. ನೀ ವಾಂಗ್ಕೊ” ಎಂದಳು. ನೀನು ಕೊಂಡುಕೋ ಎಂದು.

ನನಗೆ ಎಲ್ಲಿತ್ತೋ ಸಿಟ್ಟು. “ಇದು ತೌಡಿಗೆ ಹೋಗೋ ಕಾಯಿಲೆ ಅಲ್ಲ ಪೆರಿಯಮ್ಮ. ಜೀನ್ ಪರೀಕ್ಷೆಗೆ ಕಳಿಸಿದೀವಿ. ಅವತ್ತು ನಾನು ಉಳಿದಿದ್ದು ಅಮ್ಮನ ಮೈ ಶಾಖಕ್ಕೆ, ಮೊರಕ್ಕಲ್ಲ. ಮನೆಗೆ ಮೊರ ತಂದೀಯ ನೋಡು” ಎಂದು ಕೂಗಿದೆ. ಮುದುಕಿ ಪಾಪ, ಸೆರಗು ಹೊದ್ದುಕೊಂಡು ಬಸ್ಸಿಗೆ ಹೋದಳು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅಮ್ಮ, “ಬಿಡು, ನಿಂಗೆ ನಂಬ್ಕೆ ಇಲ್ದಿದ್ರೆ ಮಾಡಾದ್ಬೇಡ. ನಿನ್ ಮೊಕ ಇಂಗೆ ಗಟ್ಟಿಯಾಗಿರಾಗಂಟ ನಂಗೂ ಭಯ ಇಲ್ಲ” ಎಂದಳು. ಈ ಮಾತು ಆಗ ನನಗೆ ಅಷ್ಟಾಗಿ ತಟ್ಟಲಿಲ್ಲ.

ನಾನು ಉಳಿಸಿದ್ದ ಚೂರು ಸಾಕಾಯಿತು. ಮೂರು ವಾರಕ್ಕೆ ಫಲಿತಾಂಶ ಬಂತು. ಮಾತ್ರೆ ಇರುವ ಬದಲಾವಣೆಯೇ ಸಿಕ್ಕಿತ್ತು. ಮೇಡಂ ಆ ಕಾಗದ ಕೊಟ್ಟಾಗ ಅವರನ್ನು ತಬ್ಬಿಕೊಂಡುಬಿಟ್ಟೆ. ಅವರ ಕನ್ನಡಕ ಕೆಳಗೆ ಬಿತ್ತು.

ಎರಡು ವರ್ಷ ಚೆನ್ನಾಗಿತ್ತು. ಬೆಳಗಿನ ಹಾಲು ಡೇರಿಗೆ ಹಾಕಿ ಬಂದ ಮೇಲೆ ಅಮ್ಮ ಮಾತ್ರೆ ನುಂಗುತ್ತಿದ್ದಳು. ಅಪ್ಪ ಲೋಟದಲ್ಲಿ ನೀರು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದ. ಮುಖದ ತುಂಬ ಗುಳ್ಳೆ ಎದ್ದವು. “ಈ ವಯಸ್ಸಲ್ಲಿ ಮೊಡವೆ ನೋಡು” ಎಂದು ಅಪ್ಪ ಹಾಸ್ಯ ಮಾಡಿದ. ಕೆಮ್ಮು ನಿಂತಿತು. ಹಸು ಕರು ಹಾಕಿತು, ಗಿಣ್ಣು ಮಾಡಿ ಊರಿಗೆಲ್ಲ ಹಂಚಿದಳು. ಈಗ ಬೀರುವಿನ ಕವರು ಎರಡಾಗಿತ್ತು. ಸ್ಕ್ಯಾನಿಗೆ ಹೋಗುವಾಗ ಅಪ್ಪ ಬುಟ್ಟಿ ಹಿಡಿಯುತ್ತಿದ್ದ. ಒಳಗೆ ಕಳಿಸುವ ಮುಂಚೆ, “ಪಿನ್ನು ತೆಗೆದ್ಯಾ?” ಎಂದು ಕೇಳಿ, ಅದನ್ನು ಇಸಕೊಂಡು ತನ್ನ ಅಂಗಿಗೆ ಸಿಕ್ಕಿಸಿಕೊಳ್ಳುತ್ತಿದ್ದ.

ಹೋದ ದೀಪಾವಳಿ ಕಳೆದು ಕೆಮ್ಮು ವಾಪಸು ಬಂತು. ಈ ಸಲ ಕಾಯಲಿಲ್ಲ, ವಾರದೊಳಗೆ ಮತ್ತೆ ಸೂಜಿ ಹಾಕಿಸಿದೆ. ಮತ್ತೆ ನಾನೇ ಕುಯ್ದೆ. ಬಣ್ಣ ಹಾಕಿದಾಗ ಗಾಜಿನ ಮೇಲೆ ಕಂದು ಕಾಣಲಿಲ್ಲ. ಅಲ್ಲೊಂದು ಇಲ್ಲೊಂದು ಮಸುಕಾದ ಚುಕ್ಕಿ, ಉಳಿದದ್ದೆಲ್ಲ ಬರೀ ನೀಲಿ.

ಕುಕ್ಕರಿನ ತಪ್ಪು ಅಂದುಕೊಂಡೆ. ಔಷಧ ಹಳೆಯದಾಗಿರಬೇಕು ಅಂದುಕೊಂಡೆ. ಹೊಸ ಬಾಟಲಿ ಒಡೆದು ಇನ್ನೊಮ್ಮೆ ಮಾಡಿದೆ. ಬಣ್ಣ ಸರಿಯಾಗಿ ಹಿಡಿಯುತ್ತದೋ ಇಲ್ಲವೋ ಎಂದು ನೋಡಲು ಅದೇ ಗಾಜಿನ ತುದಿಯಲ್ಲಿ ಒಳ್ಳೆಯ ಶ್ವಾಸಕೋಶದ ಚೂರೊಂದನ್ನು ಇಟ್ಟಿರುತ್ತೇವೆ. ಎರಡು ಸಲವೂ ಅದು ಚೆನ್ನಾಗಿ ಕಂದಾಗಿತ್ತು. ಹಾಗಾದರೆ ತಪ್ಪು ಯಾರದೂ ಅಲ್ಲ. ಬಂಗಾರಪೇಟೆಯಲ್ಲಿ ಪಿನ್ನು ಹೇಳಿದ್ದನ್ನೇ ಈ ಚೂರೂ ಹೇಳುತ್ತಿತ್ತು.

ಮೇಡಂ ಬಹಳ ಹೊತ್ತು ನೋಡಿದರು. “ಈ ಕೋಶಗಳು ತಾವು ಶ್ವಾಸಕೋಶದವು ಅನ್ನುವುದನ್ನೇ ಮರೆಯುತ್ತಿವೆ. ಮೇಲಿಂದ ಹೇಳುವವನೇ ಇಲ್ಲದ ಹಾಗಾಗಿದೆ. ಕೆಲವು ಸಲ ಹೊಟ್ಟೆಯ ಕೋಶಗಳ ಹಾಗೆ ಆಡುವುದಕ್ಕೆ ಶುರು ಮಾಡುತ್ತವೆ. ಇಂಥವು ಜೋರಾಗಿ ಬೆಳೆಯುತ್ತವೆ” ಎಂದರು. “ಬೇರೆ ಔಷಧಿ ಶುರು ಮಾಡುತ್ತಾರೆ. ಆದರೆ ನಿನಗೆ ಗೊತ್ತಲ್ಲ.”

ಗೊತ್ತಿತ್ತು. ಎರಡೂ ಕಡೆಯವನು ಎಂದು ನಾವು ನಗುತ್ತಿದ್ದೆವಲ್ಲ, ಆ ಮೇಸ್ತ್ರಿ ನಮ್ಮ ಕಡೆಯೂ ಎಷ್ಟು ಇದ್ದ ಎನ್ನುವುದು ಅವನು ಹೋದ ಮೇಲೆ ತಿಳಿಯಿತು.

ಅವತ್ತು ಶನಿವಾರ. ಅರ್ಧ ದಿನಕ್ಕೇ ರೈಲು ಹತ್ತಿದೆ. ಅಮ್ಮನಿಗೆ ಸುಳ್ಳು ಹೇಳುವುದಿಲ್ಲ ಎಂದಿದ್ದೆ. ದಾರಿಯುದ್ದಕ್ಕೂ ನಿಜ ಹೇಳುವ ವಾಕ್ಯಗಳನ್ನು ಬಾಯಿಪಾಠ ಮಾಡಿದೆ, ಒಂದೂ ಪೂರ್ತಿಯಾಗಲಿಲ್ಲ. ಬಂಗಾರಪೇಟೆಯಲ್ಲಿ ಇಳಿದು ಮನೆ ಕಡೆಯ ಬಸ್ಸಿಗೆ ಹೋಗಬೇಕಾದವಳು ಬಜಾರಿಗೆ ಹೋದೆ. ಬಿದಿರಿನ ಅಂಗಡಿಯ ಮುಂದೆ ನಿಂತು ಹೊಸ ಮೊರ ಒಂದನ್ನು ಕೈಗೆತ್ತಿಕೊಂಡೆ.

“ಬಾಗಿನಕ್ಕಾ?” ಎಂದಳು ಅಂಗಡಿಯವಳು.

“ಅಲ್ಲ, ಕೂಸಿಗೆ” ಎಂದೆ.

ಆ ರಾತ್ರಿ ಮೊರವನ್ನು ಯಾರಿಗೂ ಕಾಣದಂತೆ ಹುಲ್ಲಿನ ಬಣವೆಯ ಹಿಂದೆ ಬಚ್ಚಿಟ್ಟೆ. ಮಾರನೆಯ ದಿನ ಮಧ್ಯಾಹ್ನ ಅದನ್ನು ಹಿಡಿದು ಪೆರಿಯಮ್ಮನ ಮನೆಗೆ ಹೋಗಿ, ಮೊದಲು ಅವಳ ಕಾಲು ಮುಟ್ಟಿ, ಅವತ್ತು ಕೂಗಿದ್ದಕ್ಕೆ ತಪ್ಪಾಯಿತು ಎಂದೆ. ಅವಳು ನನ್ನ ಕೈಯಲ್ಲಿದ್ದ ಮೊರ ನೋಡಿ ಚಪ್ಪಲಿ ಹಾಕಿಕೊಂಡಳು. ಆಟೋದಲ್ಲಿ ಊರಿಗೆ ಬಂದೆವು.

ಅಮ್ಮ ಕೊಟ್ಟಿಗೆಯ ಮುಂದೆ ಹಸುವಿಗೆ ನೀರು ಕುಡಿಸುತ್ತಿದ್ದಳು. ಪೆರಿಯಮ್ಮನನ್ನು ಕಂಡು ಮುಖ ಅರಳಿತು. ಆಮೇಲೆ ನನ್ನ ಕೈಯಲ್ಲಿದ್ದ ಮೊರದ ಮೇಲೆ ಕಣ್ಣು ಬಿತ್ತು. ಮೊರ ನೋಡಿದಳು, ನನ್ನ ಮುಖ ನೋಡಿದಳು. ನಂಬಿಕೆ ಇಲ್ಲದವಳು ಮೊರ ತಂದಿದ್ದಾಳೆ ಎಂದರೆ ಅರ್ಥವೇನು ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಅಷ್ಟು ಕೆಟ್ಟೋಗೈತಾ?” ಎಂದಳು.

ಹೌದೆಂದು ತಲೆಯಾಡಿಸಿದೆ.

ಅಮ್ಮ ಬಕೆಟ್ಟು ಕೆಳಗಿಟ್ಟಳು. ಉಳಿದ ನೀರಿನಲ್ಲಿ ಕಾಲು ತೊಳೆದುಕೊಂಡಳು. ತಾನಾಗಿಯೇ ನಡೆದುಕೊಂಡು ಹೋಗಿ ತಿಪ್ಪೆಯ ಪಕ್ಕದ ಕಲ್ಲಿನ ಮೇಲೆ ಕೂತು, “ತಾ ಇಲ್ಲಿ. ನಾನೆಲ್ಲಿ ಇಡಿಸ್ತೀನಿ ಅದರೊಳಗೆ, ಕಾಲಾದ್ರೂ ಇಕ್ತೀನಿ” ಎಂದಳು. ಮೊರದೊಳಗೆ ಎರಡು ಪಾದ ಜೋಡಿಸಿ ಇಟ್ಟುಕೊಂಡಳು. ಹಿಮ್ಮಡಿ ಒಡೆದಿತ್ತು. ಕಾಲುಂಗುರ ಸವೆದು ತೆಳ್ಳಗಾಗಿತ್ತು.

ಪೆರಿಯಮ್ಮ ರಸ್ತೆಯ ಕಡೆಯಿಂದ ಬಂದವಳಂತೆ ಬಂದು, “ಅಯ್ಯೋ, ಯಾರು ಬಿಟ್ಬಿಟ್ ಹೋದ್ರೋ ಈ ಕೊಳಂದೇನ” ಎಂದು ಕೂಸೆತ್ತುವವಳಂತೆ ಅಮ್ಮನ ಭುಜ ಹಿಡಿದಳು. ನಾನು ತೌಡು ತರಲು ತಿರುಗಿದರೆ ಅಪ್ಪ ಆಗಲೇ ಸೇರು ಹಿಡಿದುಕೊಂಡು ನಿಂತಿದ್ದ. ಎಲ್ಲವನ್ನೂ ಬಾಗಿಲಿನಿಂದ ನೋಡಿದ್ದ. ಸೇರಿನ ಮೇಲೆ ತೌಡನ್ನು ಗೋಪುರದ ಹಾಗೆ ಒಟ್ಟಿ, ಚೆಲ್ಲದಂತೆ ಅಂಗೈ ಅಡ್ಡ ಹಿಡಿದಿದ್ದ.

“ಒಂದೇ ಸೇರಾ?” ಎಂದಳು ಪೆರಿಯಮ್ಮ. “ನಲ್ಲ ಕೊಳಂದೆ ಇದು. ಜಾಸ್ತಿ ಕೊಡು.” ಒಳ್ಳೆಯ ಕೂಸಂತೆ.

“ಎರಡು ತಗೋ” ಎಂದೆ.

“ಲೇ, ಅಸೂಗೂ ಒಸಿ ಉಳ್ಸು. ನಿನ್ನ ಒಂದೇ ಸೇರಿಗೆ ತಂದಿದ್ದು ನಾನು” ಎಂದಳು ಮೊರದಲ್ಲಿ ಕಾಲಿಟ್ಟುಕೊಂಡವಳು.

ತೌಡನ್ನು ಪೆರಿಯಮ್ಮನ ಸೆರಗಿಗೆ ಸುರಿದೆ. ಅವಳು ಅಮ್ಮನ ಕೈಯನ್ನು ನನ್ನ ಕೈಯಲ್ಲಿಟ್ಟು, “ಇನಿಮೇ ಇವ ನಿನ್ ಮಗಳು. ಪತ್ರಮಾ ಪಾತ್ಕೊ” ಎಂದಳು. ಇನ್ನು ಮೇಲೆ ಜೋಪಾನವಾಗಿ ನೋಡಿಕೋ ಎಂದು.

ನಾನು ಅಲ್ಲೇ ಮಣ್ಣಿನಲ್ಲಿ ಮಂಡಿಯೂರಿ ಕೂತು ಅಮ್ಮನ ಎದೆಗೆ ಕಿವಿ ಇಟ್ಟೆ. ಪಿನ್ನು ಕೆನ್ನೆಗೆ ಒತ್ತಿತು. ಒಳಗೆ ಉಸಿರು ಬಂದು ಹೋಗುತ್ತಿತ್ತು. ಬಲಗಡೆ ಸ್ವಲ್ಪ ತಡೆದು, ಗೊರಗುಟ್ಟಿ, ಆದರೂ ಬಂದು ಹೋಗುತ್ತಿತ್ತು. ಅವಳು ನನ್ನದನ್ನು ಹೀಗೆ ಕೇಳಿಕೊಂಡು ಕೂತಿದ್ದಾಗ ಎಷ್ಟು ಭಯಪಟ್ಟಿದ್ದಳೋ ಅಷ್ಟೂ ಭಯ ಆಗ ನನಗಾಯಿತು. ಹೊಸ ಔಷಧಿ ಮಾರನೆಯ ವಾರ ಶುರುವಾಗುವುದಿತ್ತು. ಈಗ ನಡೆಯುತ್ತಿದೆ. ಅದು ಹಿಡಿಯುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ. ತೌಡಿನಲ್ಲಿ ಇವತ್ತಿಗೂ ನನಗೆ ನಂಬಿಕೆ ಇಲ್ಲ. ಆದರೆ ಅವತ್ತು ಅಲ್ಲಿಂದ ಏಳಲು ನನಗೆ ಮನಸ್ಸಿರಲಿಲ್ಲ.

ಎಷ್ಟು ಹೊತ್ತು ಕೂತಿದ್ದೆನೋ. ಕಟ್ಟಿದ್ದ ಕರು ಕೂಗಿತು. ಅಮ್ಮ ನನ್ನ ತಲೆ ನೇವರಿಸಿದಳು. ಮೂವತ್ತಾರು ವರ್ಷ ನನ್ನನ್ನು ಒಂದು ಸಲವೂ ಹಾಗೆ ಕರೆಯದಿದ್ದವಳು ಬಗ್ಗಿ ನನ್ನ ಕಿವಿಯ ಹತ್ತಿರ ಹೇಳಿದಳು.

“ಬಿಡಮ್ಮಾ, ಆಲು ಕರ್ಯೋ ಒತ್ತಾಯ್ತು.”